ಮಿನಿಯೇಚರ್‌ಗೆ ವಾರ್ನಿಷ್ ಹಚ್ಚೋದು ಹೇಗೆ: ಬೆಳ್ಳಗಾಗದಂಗೆ, ಅಂಟಂಟಾಗದಂಗೆ, ಮಾಡಿದ ಪೇಂಟ್ ಹಾಳಾಗದಂಗೆ

ಮಳೆಗಾಲ ಶುರುವಾದ್ರೆ ಸಾಕು, ಮಿನಿಯೇಚರ್, ಅಂದ್ರೆ ಆಟದ ಪುಟ್ಟ ಗೊಂಬೆ, ಪೇಂಟ್ ಮಾಡೋರದ್ದೆಲ್ಲಾ ಒಂದೇ ಗೋಳು. ವಾರಗಟ್ಲೆ ಕೂತು ಪೇಂಟ್ ಮಾಡಿದೆ, ಕೊನೇಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದೆ, ಒಣಗಿದ ಮೇಲೆ ನೋಡಿದ್ರೆ ಮಿನಿ ಪೂರ್ತಿ ಬೆಳ್ಳಗೆ ಮಂಕಾಗಿದೆ, ಏನ್ ಮಾಡ್ಲಿ? ಅದರ ಹಿಂದೇನೇ ಇನ್ನೊಂದು ಪ್ರಶ್ನೆ, ಯಾವ ಕಂಪ್ನಿದು ತಗೊಂಡ್ರೆ ಹಿಂಗಾಗಲ್ಲ ಅಂತ. ಅಂಥ ಕಂಪ್ನಿ ಇಲ್ಲ ಸ್ವಾಮಿ. ಹವಾ ನೋಡ್ದೆ ಹೊಡೆದ್ರೆ, ಇಲ್ಲಾ ಒಂದೇ ಸಲಕ್ಕೆ ದಪ್ಪ ಹಚ್ಚಿದ್ರೆ, ಎಷ್ಟೇ ದುಬಾರಿ ಡಬ್ಬ ಆದ್ರೂ ಕೈ ಕೊಡುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ ನಮ್ಮ ಊರುಗಳ ಹವಾಗೆ ಹೊಸಬರು ಸ್ಪ್ರೇ ಕ್ಯಾನ್ ಬದ್ಲು ಬ್ರಶ್‌ನಲ್ಲಿ ಹಚ್ಚೋ ಬಾಟ್ಲಿ ವಾರ್ನಿಷ್‌ನಿಂದ್ಲೇ ಶುರು ಮಾಡೋದು ಒಳ್ಳೇದು, ಯಾಕೆ ಅಂತ ಮುಂದೆ ಬರುತ್ತೆ.

ಇಲ್ಲಿ ಹೇಳ್ತಿರೋದು ವಾರ್‌ಹ್ಯಾಮರ್, ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಥರ ಮೇಜಿನ ಮೇಲೆ ಆಡೋ ಆಟಕ್ಕೆ ಬಳಸೋ 28 ರಿಂದ 32 ಮಿಲಿಮೀಟರ್ ಗೊಂಬೆಗಳ ಬಗ್ಗೆ, ಅಕ್ರಿಲಿಕ್ ಬಣ್ಣದಲ್ಲಿ ಪೇಂಟ್ ಮಾಡಿರೋವು. ಪ್ಲಾಸ್ಟಿಕ್, ಮೆಟಲ್, ಮನೇಲೇ ಪ್ರಿಂಟ್ ಮಾಡಿದ ರೆಸಿನ್ ಮೂರಕ್ಕೂ ವಿಧಾನ ಒಂದೇ.

ವಾರ್ನಿಷ್ ಬೇಕೇ ಬೇಕಾ?

ಗಾಜಿನ ಶೋಕೇಸಲ್ಲಿ ಇಟ್ಟು ಮುಟ್ಟದೇ ನೋಡೋ ಪೀಸ್ ಆದ್ರೆ ಬಿಟ್ರೂ ನಡೆಯುತ್ತೆ. ಆಟಕ್ಕೆ ತಗೊಂಡು ಹೋಗೋದಾದ್ರೆ ಬೇಕು. ಬೆರಳಿನ ಎಣ್ಣೆ, ಬೆವರು, ಮೇಜಿನ ಮೇಲೆ ಬೀಳೋದು, ಫೋಮ್ ಡಬ್ಬಿಲಿ ಉಜ್ಜೋದು, ಇದೆಲ್ಲಾ ಮೊದ್ಲು ತಿನ್ನೋದು ಅಂಚುಗಳನ್ನ: ಕತ್ತಿ ತುದಿ, ಮೂಗು, ಮೊಣಕಾಲು, ಭುಜದ ಕವಚದ ಏಣು. ಮೆಟಲ್ ಮಿನಿಗಳಲ್ಲಿ ಬಣ್ಣ ಇನ್ನೂ ಬೇಗ ಕಿತ್ಕೊಂಡು ಬರುತ್ತೆ, ತೂಕ ಜಾಸ್ತಿ ಇರೋದ್ರಿಂದ ಬಿದ್ರೆ ಪೆಟ್ಟೂ ಜೋರು. ಸಿಟಡೆಲ್ ಕಾಂಟ್ರಾಸ್ಟ್ ಥರ ಒಂದೇ ಕೋಟಲ್ಲಿ ನೆರಳು ಬೆಳಕು ಎರಡೂ ಕೊಡೋ ತೆಳು ಬಣ್ಣ ಬಳಸಿದ್ರೂ ವಾರ್ನಿಷ್ ಬೇಕು, ಅವು ಕೈ ಆಡಿಸ್ತಾ ಆಡಿಸ್ತಾ ಅಂಚಲ್ಲಿ ಸವೆದು ಹೋಗ್ತಾವೆ.

ಮೂರು ಪದ ಗೊತ್ತಿದ್ರೆ ಸಾಕು

ಗ್ಲಾಸಿ ಅಂದ್ರೆ ಫಳಫಳ ಹೊಳೆಯೋದು, ಸ್ಯಾಟಿನ್ ಅಂದ್ರೆ ಅರ್ಧ ಹೊಳಪು, ಮ್ಯಾಟ್ ಅಂದ್ರೆ ಹೊಳಪೇ ಇಲ್ಲದ್ದು. ಬಹಳ ಜನಕ್ಕೆ ಗೊತ್ತಿಲ್ಲದ ವಿಷ್ಯ ಏನಂದ್ರೆ ಮ್ಯಾಟ್ ಅನ್ನೋದು ಬೇರೆ ಜಾತಿ ವಾರ್ನಿಷ್ ಏನಲ್ಲ, ಹೊಳೆಯೋ ವಾರ್ನಿಷ್‌ಗೇ ಮ್ಯಾಟಿಂಗ್ ಏಜೆಂಟ್ ಅಂತ ಒಂದು ನುಣ್ಣನೆ ಪುಡಿ, ಸಾಮಾನ್ಯವಾಗಿ ಸಿಲಿಕಾ, ಬೆರೆಸಿರ್ತಾರೆ. ಒಣಗಿದ ಮೇಲೆ ಆ ಪುಡಿಯಿಂದ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿತರಿ ಆಗುತ್ತೆ, ಬಿದ್ದ ಬೆಳಕು ಒಂದೇ ಕಡೆ ವಾಪಸ್ ಹೋಗ್ದೆ ಚೆದುರಿ ಹೋಗುತ್ತೆ, ಅದಕ್ಕೇ ಹೊಳಪು ಕಾಣಲ್ಲ.

ಈ ಪುಡಿ ವಿಷ್ಯ ತಲೇಲಿ ಇಟ್ಕೊಳ್ಳಿ, ಅರ್ಧಕ್ಕರ್ಧ ತೊಂದರೆ ಇಲ್ಲೇ ಹುಟ್ಟೋದು. ಪುಡಿ ಬಾಟ್ಲಿ ತಳಕ್ಕೆ ಹೋಗಿ ಕೂರುತ್ತೆ, ಸರಿಯಾಗಿ ಕಲಸದೇ ಹಚ್ಚಿದ್ರೆ ಮೊದ್ಲ ಅರ್ಧ ಬಾಟ್ಲಿ ಹೊಳೆಯುತ್ತೆ, ಕೊನೆ ಅರ್ಧ ಬೆಳ್ಳಗಾಗುತ್ತೆ. ದಪ್ಪ ಹಚ್ಚಿ ಸಂದಿಲಿ ನಿಂತ್ರೆ ಅಲ್ಲೇ ಪುಡಿ ಗುಡ್ಡೆ ಬಿದ್ದು ಹಾಲಿನ ಕಲೆ ಆಗುತ್ತೆ. ಗಟ್ಟಿತನದಲ್ಲೂ ಮ್ಯಾಟ್‌ಗಿಂತ ಗ್ಲಾಸಿ ಮೇಲು, ಅದಕ್ಕೇ ಆಟದ ಮಿನಿಗೆ ಒಳಗೆ ಗ್ಲಾಸಿ, ಮೇಲೆ ಮ್ಯಾಟ್ ಅಂತ ಎರಡು ಪದರ ಹಾಕೋದು ಹಳೇ ಪದ್ಧತಿ.

ಇನ್ನೊಂದು ಭಾಗ ಮಾಡ್ಬಹುದು, ನೀರಿನ ಬೇಸ್‌ದು ಮತ್ತೆ ಸಾಲ್ವೆಂಟ್ (ಥಿನ್ನರ್ ಥರ ಬೇಗ ಆವಿಯಾಗೋ ದ್ರಾವಕ) ಬೇಸ್‌ದು. ಬಾಟ್ಲಿಲಿ ಬರೋ ಅಕ್ರಿಲಿಕ್ ವಾರ್ನಿಷ್‌ಗಳು ಬಹುಪಾಲು ನೀರಿನವು, ವಾಸನೆ ಕಮ್ಮಿ, ಬ್ರಶ್ ನೀರಲ್ಲೇ ತೊಳೀಬಹುದು. ಮಿಸ್ಟರ್ ಸೂಪರ್ ಕ್ಲಿಯರ್, ತಮಿಯಾ ಟಿಎಸ್-80 ಫ್ಲ್ಯಾಟ್ ಕ್ಲಿಯರ್ ಥರದ ಕ್ಯಾನ್‌ಗಳು ಸಾಲ್ವೆಂಟ್‌ನವು, ತೆಳ್ಳಗೆ ಗಟ್ಟಿ ಪದರ ಕೊಡ್ತಾವೆ, ಫಿನಿಶ್ ಬಹಳ ಚೆನ್ನಾಗಿರುತ್ತೆ, ಆದ್ರೆ ವಾಸನೆ ಜೋರು, ಗಾಳೀಲಿ ತೇವ ಇದ್ರೆ ಮುನಿಸ್ಕೋತಾವೆ.

ಏನೇನು ಬೇಕು

ಒಂದು ಗ್ಲಾಸಿ, ಒಂದು ಮ್ಯಾಟ್. ಬಾಟ್ಲಿಲಿ ಆದ್ರೆ ವಲೆಹೋದವರ 70.510 ಗ್ಲಾಸಿ, 70.520 ಮ್ಯಾಟ್, 70.522 ಸ್ಯಾಟಿನ್. ಸಿಟಡೆಲ್‌ನಲ್ಲಿ ಆರ್ಡ್‌ಕೋಟ್ ಗ್ಲಾಸಿ, ಸ್ಟಾರ್ಮ್‌ಶೀಲ್ಡ್ ಮ್ಯಾಟ್. ಇನ್ನೂ ಒಣಕಲು ಲುಕ್ ಬೇಕು ಅನ್ನೋರಿಗೆ ಎಕೆ ಇಂಟರಾಕ್ಟಿವ್‌ನವರ ಅಲ್ಟ್ರಾ ಮ್ಯಾಟ್ ಇದೆ.

ಬ್ರಶ್ ಬೇರೇನೇ ಇಟ್ಕೊಳ್ಳಿ, ಮೆತ್ತಗಿರೋ ಸಿಂಥೆಟಿಕ್, ಸ್ವಲ್ಪ ದೊಡ್ಡದು. ದುಡ್ಡು ಕೊಟ್ಟು ತಗೊಂಡ ಸೇಬಲ್ (ಪ್ರಾಣಿ ಕೂದಲಿನ) ಬ್ರಶ್ ಇದಕ್ಕೆ ಬಳಸಿದ್ರೆ ಬುಡದಲ್ಲಿ ವಾರ್ನಿಷ್ ಕಟ್ಕೊಂಡು ತುದಿ ಕವಲೊಡೆಯುತ್ತೆ. ಮಿನಿ ಹಿಡ್ಕೊಳ್ಳೋಕೆ ಹಳೇ ಮಾತ್ರೆ ಡಬ್ಬಿ ಅಥವಾ ಬಾಟ್ಲಿ ಮುಚ್ಚಳ, ಅದರ ಮೇಲೆ ಬ್ಲೂ ಟ್ಯಾಕ್, ಅಂದ್ರೆ ಕಿತ್ತು ಮತ್ತೆ ಅಂಟಿಸಬಹುದಾದ ಮೆತ್ತನೆ ಅಂಟು. ಮುಚ್ಚಿಡೋಕೆ ಒಂದು ಪ್ಲಾಸ್ಟಿಕ್ ಡಬ್ಬ. ಆಮೇಲೆ ಒಂದು ಹೈಗ್ರೋಮೀಟರ್, ಅಂದ್ರೆ ಗಾಳೀಲಿ ಎಷ್ಟು ತೇವ ಇದೆ ಅಂತ ಪರ್ಸೆಂಟ್‌ನಲ್ಲಿ ತೋರ್ಸೋ ಪುಟ್ಟ ಡಿಜಿಟಲ್ ಮೀಟರ್. ಆನ್‌ಲೈನ್‌ನಲ್ಲಿ ಸಿಗುತ್ತೆ, ಒಂದು ಕ್ಯಾನ್‌ಗಿಂತ ಅಗ್ಗ. ಸ್ಪ್ರೇ ಮಾಡೋರು ಇದನ್ನ ಬಿಟ್ಟು ಬೇರೆ ಏನಕ್ಕೂ ದುಡ್ಡು ಹಾಕೋದಕ್ಕೆ ಮುಂಚೆ ಇದನ್ನ ತಗೊಳ್ಳಿ.

ಹಾರ್ಡ್‌ವೇರ್ ಅಂಗಡೀಲಿ ಸಿಗೋ ಮರದ ವಾರ್ನಿಷ್ ಬೇಡ, ಅದು ಕಾಲ ಕಳೆದಂಗೆ ಹಳದಿಗೆ ತಿರುಗುತ್ತೆ, ಬಿಳಿ ಬಟ್ಟೆ ಹಾಕಿದ ಮಿನಿ ಮೇಲೆ ಎದ್ದು ಕಾಣುತ್ತೆ. ಗಾಡಿಗೆ ಹೊಡೆಯೋ ಕ್ಲಿಯರ್ ಸ್ಪ್ರೇ ಅಗ್ಗ ಅಂತ ಆಸೆ ಪಡೋರೂ ಇದಾರೆ, ಅದರ ಸಾಲ್ವೆಂಟ್ ಖಾರ ಜಾಸ್ತಿ, ಹಸಿಯಾಗಿ ಕೂತ್ರೆ ಕೆಳಗಿರೋ ಅಕ್ರಿಲಿಕ್ ಬಣ್ಣ ಸುಕ್ಕುಗಟ್ಟುತ್ತೆ. ಅಂದಹಾಗೆ ಅಮೆರಿಕದಿಂದ ಊರಿಗೆ ಬರೋ ಅಣ್ಣನ ಹತ್ರ ಸ್ಪ್ರೇ ಕ್ಯಾನ್ ತರಿಸ್ಬೇಡಿ, ಬೆಂಕಿ ಹತ್ಕೊಳ್ಳೋ ಪೇಂಟ್ ಏರೋಸಾಲ್ ವಿಮಾನದ ಲಗೇಜಲ್ಲಿ ಬಿಡಲ್ಲ, ಕಿತ್ತು ಇಟ್ಕೋತಾರೆ. ನೀರಿನ ಬೇಸ್ ಬಾಟ್ಲಿ ತರಿಸ್ಕೊಳ್ಳಿ.

ಹಂತ 1: ಬಣ್ಣ ಪೂರ್ತಿ ಒಣಗಲಿ

ಅಕ್ರಿಲಿಕ್ ಮುಟ್ಟಿದ್ರೆ ಹತ್ತು ನಿಮಿಷದಲ್ಲಿ ಒಣಗಿದಂಗೆ ಇರುತ್ತೆ, ಒಳಗೆ ಒಣಗಿರಲ್ಲ. ಕೊನೆ ಪೇಂಟ್ ಹಚ್ಚಿದ ಮೇಲೆ ಕಮ್ಮಿ ಅಂದ್ರೂ 24 ಗಂಟೆ ಬಿಡಿ, ಮಳೆಗಾಲದಲ್ಲಿ ಎರಡು ದಿನ. ವಾಶ್ ಹಾಕಿದ್ರೆ, ಅಂದ್ರೆ ಸಂದಿಗಳಿಗೆ ಇಳಿಯೋ ತೆಳು ನೆರಳಿನ ಬಣ್ಣ, ಅದು ಆಳದ ಜಾಗದಲ್ಲಿ ಇನ್ನೂ ನಿಧಾನ. ಆಯಿಲ್ ಪೇಂಟ್ ಅಥವಾ ಆಯಿಲ್ ವಾಶ್ ಬಳಸಿದ್ರೆ ಒಂದು ದಿನ ಸಾಲಲ್ಲ, ಕೆಲವು ದಿನ ಬೇಕು. ಹಸಿ ಎಣ್ಣೆ ಬಣ್ಣದ ಮೇಲೆ ಬೇಗ ಒಣಗೋ ವಾರ್ನಿಷ್ ಕೂತ್ರೆ ಆಮೇಲೆ ಬಿರುಕು ಬಿಡುತ್ತೆ.

ಆರ್ಮಿ ಪೇಂಟರ್‌ನ ಮೊದಲನೇ ಸ್ಪೀಡ್‌ಪೇಂಟ್ (ಕಾಂಟ್ರಾಸ್ಟ್ ಥರದ್ದೇ ಬಣ್ಣ) ಬಳಸಿರೋರು ಇಲ್ಲಿ ನಿಲ್ಲಿ. 2022ರಲ್ಲಿ ಬಂದ ಆ ಮೊದ್ಲ ಬ್ಯಾಚ್ ಒಣಗಿದ ಮೇಲೂ ನೀರು ತಾಗಿದ್ರೆ ಮತ್ತೆ ಕರಗಿ ಏಳ್ತಿತ್ತು, ಬ್ರಶ್‌ನಲ್ಲಿ ವಾರ್ನಿಷ್ ಹಚ್ಚಿದ್ರೆ ಕೆಂಪು ಬಟ್ಟೆ ಬಣ್ಣ ಪಕ್ಕದ ಬಿಳಿ ಬೆಲ್ಟ್ ಮೇಲೆ ಹರಿದುಬಿಡುತ್ತೆ. ಆಮೇಲೆ ಬಂದ 2.0ದಲ್ಲಿ ಇದನ್ನ ಸರಿ ಮಾಡಿದ್ರು. ಹಳೇ ಬಾಟ್ಲಿ ನಿಮ್ಮ ಹತ್ರ ಇದ್ರೆ ಆ ಮಿನಿಗೆ ಮಾತ್ರ ಬ್ರಶ್ ಬೇಡ, ಸ್ಪ್ರೇನೋ ಏರ್‌ಬ್ರಶ್ಶೋ (ಕಂಪ್ರೆಸರ್ ಗಾಳೀಲಿ ಬಣ್ಣ ಸಿಂಪಡಿಸೋ ಪೆನ್ನಿನಂಥ ಸಾಧನ) ಮಾಡಿ.

ಮನೇಲಿ ಪ್ರಿಂಟ್ ಮಾಡಿದ ರೆಸಿನ್ ಮಿನಿ ವಾರ್ನಿಷ್ ಆದ ಮೇಲೂ ಅಂಟಂಟಾಗಿದೆ ಅಂದ್ರೆ ತಪ್ಪು ವಾರ್ನಿಷ್‌ದು ಆಗಿರಲೇಬೇಕು ಅಂತಿಲ್ಲ. ಪ್ರೈಮರ್‌ಗೆ (ಬಣ್ಣದ ಕೆಳಗೆ ಹಚ್ಚೋ ಮೊದ್ಲ ಪದರ) ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಸರಿಯಾಗಿ ತೊಳೆದು ಯುವಿ ಬೆಳಕಲ್ಲಿ ಪೂರ್ತಿ ಕ್ಯೂರ್, ಅಂದ್ರೆ ಗಟ್ಟಿ, ಮಾಡಿರ್ಲಿಲ್ಲ ಅಂದ್ರೆ ಹಸಿ ರೆಸಿನ್ ಒಳಗಿಂದ ಜಿನುಗಿ ಮೇಲೆ ಬರುತ್ತೆ.

ಹಂತ 2: ಹವಾ ನೋಡಿ

ಬೆಳ್ಳಗಾಗೋದಕ್ಕೆ ಫ್ರಾಸ್ಟಿಂಗ್ ಅಂತಾರೆ. ಸ್ಪ್ರೇಲಿ ಇರೋ ಸಾಲ್ವೆಂಟ್ ಬಹಳ ಬೇಗ ಆವಿಯಾಗುತ್ತೆ, ಆವಿಯಾಗ್ತಾ ಮಿನಿ ಮೇಲ್ಮೈನ ತಣ್ಣಗೆ ಮಾಡುತ್ತೆ. ಫ್ರಿಜ್‌ನಿಂದ ತೆಗೆದ ನೀರಿನ ಬಾಟ್ಲಿ ಬೆವರುತ್ತಲ್ಲ, ಅದೇ ಕಥೆ: ಗಾಳೀಲಿರೋ ತೇವ ಆ ತಣ್ಣನೆ ಪದರದ ಮೇಲೆ ಕೂತು ವಾರ್ನಿಷ್ ಒಳಗೇ ಸಿಕ್ಕಾಕೊಳ್ಳುತ್ತೆ. ಲೆಕ್ಕ ನೋಡಿ, ಹೊರಗೆ 28 ಡಿಗ್ರಿ ಇದ್ದು ತೇವಾಂಶ 85 ಪರ್ಸೆಂಟ್ ಇದ್ರೆ ನೀರು ಹನಿಗಟ್ಟೋದು ಸುಮಾರು 25 ಡಿಗ್ರಿಗೆ, ಅಂದ್ರೆ ಮೇಲ್ಮೈ ಬರೀ ಮೂರು ಡಿಗ್ರಿ ತಣ್ಣಗಾದ್ರೆ ಮುಗೀತು. ಅದೇ 28 ಡಿಗ್ರಿಲಿ ತೇವಾಂಶ 50 ಇದ್ರೆ ಹನಿಗಟ್ಟೋಕೆ ಸುಮಾರು 17 ಡಿಗ್ರಿ ತನಕ ಇಳೀಬೇಕು, ಹನ್ನೊಂದು ಡಿಗ್ರಿ ಅಂತರ ಸಿಗ್ತು ನಿಮಗೆ.

ಹಂಗಾಗಿ ನನ್ನ ಗೆರೆ 60 ಪರ್ಸೆಂಟ್. ಅದರ ಕೆಳಗಿದ್ರೆ ಸ್ಪ್ರೇ ಮಾಡಿ, 60ರಿಂದ 70ರ ಮಧ್ಯ ಇದ್ರೆ ಟೆಸ್ಟ್ ಪೀಸ್ ಮೇಲೆ ನೋಡ್ಕೊಂಡು ಮಾಡಿ, 70 ದಾಟಿದ್ರೆ ಕ್ಯಾನ್ ಮುಟ್ಟಲೇಬೇಡಿ. ಬೆಂಗಳೂರು ಮೈಸೂರು ಕಡೆ ಫೆಬ್ರವರಿ, ಮಾರ್ಚ್ ಮಧ್ಯಾಹ್ನ ಆರಾಮಾಗಿ ಸಿಗುತ್ತೆ, ಜೂನ್ ಆದ ಮೇಲೆ ಬಿಸಿಲು ಬಿದ್ದ ದಿನ ಹನ್ನೊಂದರಿಂದ ಮೂರು ಗಂಟೆ ಒಳಗೆ ಹಿಡ್ಕೋಬೇಕು. ಬೆಳಗ್ಗೆ ಬೇಗ, ಸಂಜೆ ಮೇಲೆ ಬೇಡ, ಆಗ ತೇವಾಂಶ ಏರುತ್ತೆ. ಮಂಗಳೂರು, ಉಡುಪಿ, ಕಾರವಾರದವರಿಗೆ ಮಳೆಗಾಲದ ಮೂರ್ನಾಕು ತಿಂಗಳು ಕ್ಯಾನ್ ಅಟ್ಟದ ಮೇಲಿಡಿ ಅಂತಲೇ ಹೇಳ್ಬೇಕು, ಎಸಿ ರೂಮಲ್ಲಿ ಬ್ರಶ್ಶೇ ಗತಿ. ಹೌದು, ಎಸಿ ತೇವ ಎಳೆಯುತ್ತೆ, ಆದ್ರೆ ಬಾಗ್ಲು ಮುಚ್ಚಿದ ಎಸಿ ರೂಮಲ್ಲಿ ಸ್ಪ್ರೇ ಹೊಡೀಬೇಡಿ, ಉಸಿರಾಡೋದು ನೀವೇ.

ಕಲಬುರಗಿ, ರಾಯಚೂರು ಬೇಸಿಗೆದು ಉಲ್ಟಾ ತೊಂದರೆ. 40 ಡಿಗ್ರಿ ಒಣ ಹವಾಲಿ ಸ್ಪ್ರೇ ಹನಿ ಮಿನಿ ಮುಟ್ಟೋಕೆ ಮುಂಚೆ ಗಾಳೀಲೇ ಒಣಗಿ ಪುಡಿಯಾಗಿ ಬಂದು ಕೂರುತ್ತೆ, ಕೈ ಆಡಿಸಿದ್ರೆ ಮರಳು ಮರಳು. ಅಲ್ಲಿ ಬೆಳಗ್ಗೆ ತಂಪು ಹೊತ್ತಲ್ಲಿ ಮಾಡಿ, ಸ್ವಲ್ಪ ಹತ್ರದಿಂದ ಹೊಡೀರಿ. ಕ್ಯಾನ್ ಬಿಸಿಲಲ್ಲಿ ಬಿಡ್ಬೇಡಿ, 50 ಡಿಗ್ರಿ ದಾಟಬಾರ್ದು ಅಂತ ಡಬ್ಬದ ಮೇಲೇ ಬರೆದಿರುತ್ತೆ, ನಿಲ್ಲಿಸಿದ ಕಾರ್ ಒಳಗೆ ಅಷ್ಟು ಏರೋದು ದೊಡ್ಡ ಮಾತಲ್ಲ.

ಹಂತ 3: ಟೆಸ್ಟ್ ಪೀಸ್

ಇದನ್ನ ಎಲ್ಲರೂ ಬಿಡ್ತಾರೆ. ಪ್ಲಾಸ್ಟಿಕ್ ಸ್ಪೂನ್ ಒಂದಕ್ಕೆ ಕರಿ ಪ್ರೈಮರ್ ಹೊಡೆದಿಟ್ಕೊಳ್ಳಿ, ಕರೀದೇ ಯಾಕಂದ್ರೆ ಬಿಳಿ ಮಂಜು ಅದರ ಮೇಲೆ ತಕ್ಷಣ ಕಾಣುತ್ತೆ. ಇವತ್ತಿನ ಹವಾಲಿ, ಇವತ್ತು ಕಲಸಿದ ವಾರ್ನಿಷ್ ಆ ಸ್ಪೂನ್ ಮೇಲೆ ಹಚ್ಚಿ, ಪೂರ್ತಿ ಒಣಗೋ ತನಕ ಕಾಯಿರಿ, ಆಮೇಲೆ ಮಿನಿ ಮುಟ್ಟಿ. ಹೋದ ತಿಂಗಳು ಅದೇ ಕ್ಯಾನ್ ಚೆನ್ನಾಗಿ ಬಂದಿತ್ತು ಅನ್ನೋದು ಇವತ್ತಿಗೆ ಗ್ಯಾರಂಟಿ ಅಲ್ಲ. ಹೊಸ ವಾರ್ನಿಷ್ ಆದ್ರೆ ನೀವು ಬಳಸಿರೋ ಬಣ್ಣ, ವಾಶ್ ಎಲ್ಲಾ ಸ್ಪೂನ್ ಹಿಂಭಾಗಕ್ಕೆ ಹಚ್ಚಿ ನೋಡಿ. ಮ್ಯಾಟ್ ಆದ ಮೇಲೆ ಕರಿ ಬಣ್ಣ ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗುತ್ತೆ, ಗಾಢ ಬಣ್ಣಗಳೆಲ್ಲಾ ಒಂದು ಚೂರು ತಿಳಿಯಾಗ್ತಾವೆ, ಅದು ಕೆಟ್ಟಿದ್ದಲ್ಲ, ಮ್ಯಾಟ್‌ನ ಗುಣವೇ ಅಷ್ಟು. ಎಷ್ಟು ತಿರುಗುತ್ತೆ ಅಂತ ಮೊದ್ಲೇ ಗೊತ್ತಿದ್ರೆ ನೆರಳಿನ ಭಾಗನ ಪೇಂಟ್ ಮಾಡೋವಾಗ್ಲೇ ಒಂದು ಕೈ ಗಾಢ ಮಾಡ್ಕೋಬಹುದು.

ಹಂತ 4: ಒಳಗಿನ ಗ್ಲಾಸಿ ಪದರ

ಆಟದ ಮಿನಿಗೆ, ಮೆಟಲ್ ಮಿನಿಗೆ, ಡಿಕಾಲ್ ಹಾಕೋ ಮಿನಿಗೆ ಇದು ಬೇಕು, ಶೋಕೇಸ್ ಪೀಸ್‌ಗೆ ಬೇಕಾಗಿಲ್ಲ. ಹಚ್ಚೋ ವಿಧಾನ ಮುಂದಿನ ಹಂತದ್ದೇ. ಗ್ಲಾಸಿ ಹಚ್ಚಿದ ತಕ್ಷಣ ಮಿನಿ ಪ್ಲಾಸ್ಟಿಕ್ ಆಟದ ಸಾಮಾನಿನ ಥರ ಕಂಡು ಗಾಬರಿ ಆಗುತ್ತೆ, ಆಗ್ಬೇಡಿ, ಮ್ಯಾಟ್ ಬಂದ ಮೇಲೆ ಹೋಗುತ್ತೆ.

ಡಿಕಾಲ್ ಅಂದ್ರೆ ನೀರಲ್ಲಿ ನೆನೆಸಿ ಜಾರಿಸಿ ಅಂಟಿಸೋ ಲಾಂಛನ. ಇದನ್ನ ಮ್ಯಾಟ್ ಮೇಲೆ ಅಂಟಿಸಿದ್ರೆ ತರಿತರಿ ಮೇಲ್ಮೈ ಸಂದಿಲಿ ಗಾಳಿ ಸಿಕ್ಕಿ ಸುತ್ತ ಬೆಳ್ಳಿ ಹೊಳಪು ಕಾಣುತ್ತೆ. ಗ್ಲಾಸಿ ಮೇಲೆ ಅಂಟಿಸಿ, ಬಾಗಿದ ಜಾಗ ಇದ್ರೆ ಮೈಕ್ರೋ ಸೆಟ್, ಮೈಕ್ರೋ ಸಾಲ್ ಅನ್ನೋ ಡಿಕಾಲ್ ಕೂರಿಸೋ ದ್ರವ ಹಾಕಿ ಮೆತ್ತಗೆ ಮಾಡಿ ಕೂರಿಸಿ, ಒಣಗಿದ ಮೇಲೆ ಮೇಲಿಂದ ಇನ್ನೊಂದು ತೆಳು ಗ್ಲಾಸಿ, ಕೊನೇಗೆ ಮ್ಯಾಟ್. ಆಗ ಫಿಲ್ಮ್ ಅಂಚು ಕಾಣಲ್ಲ.

ಆಯಿಲ್ ವಾಶ್ ಮಾಡೋರಿಗೂ ಈ ಪದರ ಉಪಯೋಗ, ವೈಟ್ ಸ್ಪಿರಿಟ್‌ನಲ್ಲಿ (ಎಣ್ಣೆ ಬಣ್ಣ ತೆಳು ಮಾಡೋ ದ್ರಾವಕ) ಒರೆಸೋವಾಗ ಕೆಳಗಿನ ಪೇಂಟ್ ಸೇಫ್ ಆಗಿರುತ್ತೆ, ವಾಶ್ ಕೂಡ ಹರಡದೇ ಗೆರೆಗಳಲ್ಲಿ ನೆಟ್ಟಗೆ ಓಡುತ್ತೆ.

ಹಂತ 5: ಮ್ಯಾಟ್ ಹಚ್ಚೋದು

*ಬ್ರಶ್‌ನಲ್ಲಿ.* ಬಾಟ್ಲಿ ಜೋರಾಗಿ ಕುಲುಕಿ ತಕ್ಷಣ ಹಚ್ಚಿದ್ರೆ ನೊರೆ ಬರುತ್ತೆ, ಆ ಗುಳ್ಳೆಗಳು ಮಿನಿ ಮೇಲೆ ಒಡೆದು ಚುಕ್ಕಿ ಚುಕ್ಕಿ ಆಗ್ತಾವೆ. ಬಾಟ್ಲಿ ಒಳಗೆ ಒಂದು ಸಣ್ಣ ಸ್ಟೀಲ್ ಗುಂಡು ಹಾಕಿ, ಸ್ಟೇನ್‌ಲೆಸ್ ಇರ್ಲಿ ಇಲ್ದಿದ್ರೆ ತುಕ್ಕು ಬಿಡುತ್ತೆ, ಎರಡು ಅಂಗೈ ಮಧ್ಯ ಇಟ್ಟು ಒಂದೆರಡು ನಿಮಿಷ ಉರುಳಿಸಿ. ತಳದಲ್ಲಿ ಬಿಳಿ ಗಸಿ ಇನ್ನೂ ಕಾಣ್ತಿದ್ರೆ ಇನ್ನೂ ಉರುಳಿಸಿ. ಪ್ಯಾಲೆಟ್ ಮೇಲೆ ನಾಕೈದು ಹನಿ ಹಾಕ್ಕೊಂಡು ಒಂದು ಹನಿ ನೀರು ಸೇರಿಸಿ, ಶುದ್ಧ ನೀರು, ಬೋರ್‌ವೆಲ್ ಗಡಸು ನೀರು ಬೇಡ, ಒಣಗಿದ್ರೆ ಉಪ್ಪಿನ ಕಲೆ ಬಿಡುತ್ತೆ. ಬ್ರಶ್ ಅದ್ದಿ ಅರ್ಧ ಟಿಶ್ಯೂಗೆ ಒರೆಸಿ, ಮೇಲಿಂದ ಕೆಳಕ್ಕೆ ಒಂದೊಂದೇ ಭಾಗ ಮಾಡ್ಕೊಂಡು ಬನ್ನಿ: ತಲೆ, ಎದೆ, ಕೈ, ಬಟ್ಟೆ, ಕಾಲು.

ಈಗ ಮುಖ್ಯ ಕೆಲ್ಸ. ಹಚ್ಚಿ ಮುಗಿದ ಕೂಡ್ಲೇ ಮಿನಿನ ಲೈಟ್ ಕೆಳಗೆ ತಿರುಗಿಸಿ ನೋಡಿ. ಬೆಲ್ಟ್ ಮತ್ತೆ ಹೊಟ್ಟೆ ಸೇರೋ ಜಾಗ, ಕಂಕುಳು, ಬಟ್ಟೆ ಮಡಿಕೆ ತಳ, ಕಾಲ್ಬೆರಳ ಸಂದಿ, ಇಲ್ಲೆಲ್ಲಾ ವಾರ್ನಿಷ್ ಹನಿಯಾಗಿ ನಿಂತಿರುತ್ತೆ, ಹಸಿ ಇದ್ದಾಗ ಹಾಲಿನ ಬಣ್ಣ. ಒದ್ದೆ ಬ್ರಶ್ ಹಿಂಡಿ ತುದಿನ ಆ ಹನಿಗೆ ಮುಟ್ಟಿಸಿದ್ರೆ ಬ್ರಶ್ಶೇ ಅದನ್ನ ಹೀರ್ಕೊಳ್ಳುತ್ತೆ, ಟಿಶ್ಯೂಗೆ ಒರೆಸಿ, ಇನ್ನೊಂದು ಹನಿ. ತೆಳ್ಳಗಿರೋ ಕಡೆ ಹಾಲು ಬಣ್ಣ ತಾನಾಗೇ ತಿಳಿಯಾಗುತ್ತೆ, ನಿಂತ ಹನಿ ಆಗಲ್ಲ, ಬೆಳ್ಳಗೇ ಉಳಿಯುತ್ತೆ. ಒಣಗೋಕೆ ಶುರುವಾದ ಜಾಗಕ್ಕೆ ಮತ್ತೆ ಬ್ರಶ್ ಎಳೀಬೇಡಿ, ಅರೆ ಒಣಗಿದ ಪದರ ಎದ್ದು ಗೀರು ಬೀಳುತ್ತೆ, ಬಿಟ್ಟೋಗಿದ್ರೆ ಎರಡನೇ ಕೋಟಲ್ಲಿ ನೋಡ್ಕೊಳ್ಳಿ. ಮಿನಿ ಮೇಲೆ ಪ್ಲಾಸ್ಟಿಕ್ ಡಬ್ಬ ಮುಚ್ಚಿಡಿ, ಧೂಳು ಬೀಳ್ದಂಗೆ, ಒಂದು ಕಡೆ ಸ್ವಲ್ಪ ಎತ್ತಿ ಗಾಳಿ ಆಡೋಕೆ ಬಿಡಿ. ಎರಡನೇ ಕೋಟ್ ಕೆಲವು ಗಂಟೆ ಬಿಟ್ಟು, ಮಳೆಗಾಲ ಆದ್ರೆ ಮಾರನೇ ದಿನ. ಎರಡು ತೆಳು ಕೋಟ್ ಸಾಕು.

*ಸ್ಪ್ರೇ ಕ್ಯಾನ್‌ನಲ್ಲಿ.* ಮೊದ್ಲು ಸುರಕ್ಷತೆ. ಟೆರೇಸ್ ಅಥವಾ ತೆರೆದ ಬಾಲ್ಕನಿ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋ ರೆಸ್ಪಿರೇಟರ್. ಎನ್‌95 ಮಾಸ್ಕ್ ಹನಿ ತಡೆಯುತ್ತೆ, ಸಾಲ್ವೆಂಟ್ ಆವಿ ತಡೆಯಲ್ಲ. ಯುಟಿಲಿಟೀಲಿ ಹೊಡೆಯೋ ಅಭ್ಯಾಸ ಇದ್ರೆ ಅಲ್ಲಿ ಗ್ಯಾಸ್ ಗೀಸರ್ ಇದೆಯಾ ನೋಡಿ, ದೇವರ ದೀಪ, ಊದಿನಕಡ್ಡಿ ಹತ್ರ ಇದ್ರೂ ಬೇಡ. ಅದು ಉರಿಯೋ ವಸ್ತು.

ಕ್ಯಾನ್ ಒಳಗಿನ ಕಲಸೋ ಗುಂಡಿನ ಸದ್ದು ಬಂದ ಮೇಲೆ ಪೂರ್ತಿ ಎರಡು ನಿಮಿಷ ಕುಲುಕಿ, ಹತ್ತು ಸೆಕೆಂಡ್ ಕುಲುಕಿ ಬಿಡೋದಲ್ಲ. ಚಳಿಗಾಲದಲ್ಲಿ ಕ್ಯಾನ್ ತಣ್ಣಗಿದ್ರೆ ಉಗುರು ಬೆಚ್ಚಗಿನ ನೀರಲ್ಲಿ ಐದು ನಿಮಿಷ ನಿಲ್ಲಿಸಿ ಒರೆಸ್ಕೊಳ್ಳಿ, ಒಲೆ ಹತ್ರ ಎಲ್ಲಾ ತಗೊಂಡು ಹೋಗ್ಬೇಡಿ ದಯವಿಟ್ಟು. ದೂರ 20 ರಿಂದ 30 ಸೆಂಟಿಮೀಟರ್. ಮಿನಿ ಪಕ್ಕದ ಖಾಲಿ ಜಾಗದಲ್ಲಿ ಒತ್ತೋಕೆ ಶುರು ಮಾಡಿ, ಮಿನಿ ಮೇಲೆ ಹಾದು ಆಚೆ ಕಡೆ ಬಿಡಿ, ಯಾಕಂದ್ರೆ ಒತ್ತಿದ ಮತ್ತೆ ಬಿಟ್ಟ ಕ್ಷಣದಲ್ಲೇ ನಳಿಕೆಯಿಂದ ದಪ್ಪ ಹನಿ ಉಗುಳೋದು. ಒಂದು ಸಲ ಹಾದ್ರೆ ಒಂದು ಸೆಕೆಂಡ್ ಕೂಡ ಆಗ್ಬಾರ್ದು. ಮಿನಿ ಒದ್ದೆಯಾಗಿ ಹೊಳೀಬೇಕು ಅಂತ ಕಾಯ್ಬೇಡಿ, ಸುಮ್ನೆ ತೇವ ತಾಗಿದಂಗೆ ಇದ್ರೆ ಸಾಕು. ಹತ್ತು ಹದಿನೈದು ನಿಮಿಷ ಬಿಟ್ಟು ಮಲಗಿಸಿ ಕೆಳಗಡೆಯಿಂದ, ಮತ್ತೆ ಬಿಟ್ಟು ಇನ್ನೊಂದು ಬದಿ. ಹೊರಗೆ ಹೊಡೆದ ಮೇಲೆ ಮಿನಿನ ಒಣ ಜಾಗಕ್ಕೆ ಒಳಗೆ ತಂದಿಡಿ, ರಾತ್ರಿಯೆಲ್ಲಾ ಬಾಲ್ಕನೀಲಿ ಬಿಟ್ರೆ ಇಬ್ಬನಿ ಕೆಲ್ಸ ಮಾಡುತ್ತೆ.

*ಏರ್‌ಬ್ರಶ್‌ನಲ್ಲಿ.* ಇದ್ದೋರಿಗೆ ಇದೇ ಒಳ್ಳೇದು, ನೀರಿನ ಬೇಸ್ ವಾರ್ನಿಷ್‌ನೇ ಹೊಡೆಯೋದ್ರಿಂದ ಸಾಲ್ವೆಂಟ್ ಕ್ಯಾನ್‌ನಷ್ಟು ಫ್ರಾಸ್ಟಿಂಗ್ ಭಯ ಇಲ್ಲ. ಅದೇ ಕಂಪ್ನಿ ಥಿನ್ನರ್ ಹಾಕಿ ಹಾಲಿನಷ್ಟು ತೆಳು ಮಾಡ್ಕೊಳ್ಳಿ, 0.4 ಮಿಲಿಮೀಟರ್ ನಳಿಕೆ, ಗಾಳಿ ಒತ್ತಡ 20 ರಿಂದ 25 ಪಿಎಸ್‌ಐ. ಕಂಪ್ರೆಸರ್‌ನ ಮಾಯಿಶ್ಚರ್ ಟ್ರ್ಯಾಪ್, ಅಂದ್ರೆ ಗಾಳೀಲಿರೋ ನೀರು ಹಿಡಿಯೋ ಬಟ್ಟಲು, ಖಾಲಿ ಮಾಡ್ಕೊಂಡು ಶುರು ಮಾಡಿ, ಇಲ್ಲಾಂದ್ರೆ ಮಧ್ಯದಲ್ಲಿ ಪಿಚಕ್ ಅಂತ ನೀರೇ ಉಗುಳುತ್ತೆ. ಮುಗಿದ ತಕ್ಷಣ ತೊಳೀರಿ, ವಾರ್ನಿಷ್ ಸೂಜಿ ಮೇಲೆ ಒಣಗಿದ್ರೆ ಕ್ಲೀನ್ ಮಾಡೋದು ಪೇಂಟ್‌ಗಿಂತ ಕಷ್ಟ.

ಹಂತ 6: ಮ್ಯಾಟ್ ಆದ ಮೇಲೆ ಮಾಡೋವು

ಮೆಟಾಲಿಕ್ ಬಣ್ಣದ ಕತ್ತಿ, ಕವಚ ಮ್ಯಾಟ್ ಅಡಿ ಸಿಕ್ಕಿದ್ರೆ ಬೂದಿ ಪ್ಲಾಸ್ಟಿಕ್ ಆಗ್ಬಿಡುತ್ತೆ. ಮ್ಯಾಟ್ ಒಣಗಿದ ಮೇಲೆ ಲೋಹದ ಭಾಗಕ್ಕೆ ಮಾತ್ರ ಸ್ಯಾಟಿನ್ ಹಚ್ಚಿ, ಸಾಕಷ್ಟು ವಾಪಸ್ ಬರುತ್ತೆ. ಇಲ್ಲಾ ಅಂಚಿನ ಬೆಳ್ಳಿ ಹೈಲೈಟ್‌ನ ಮ್ಯಾಟ್ ಆದ ಮೇಲೆ ಇನ್ನೊಂದ್ಸಲ ಎಳೀರಿ, ನನಗೆ ಇದೇ ಇಷ್ಟ. ಕಣ್ಣು, ರತ್ನ, ತುಟಿ, ರಾಕ್ಷಸನ ನಾಲಿಗೆ, ಒದ್ದೆ ಕೆಸರು, ಇವಕ್ಕೆ ಒಂದೊಂದು ಚುಕ್ಕಿ ಗ್ಲಾಸಿ. ರಕ್ತದ ಎಫೆಕ್ಟ್ ಕೂಡ ಈಗಲೇ, ತಮಿಯಾ ಎಕ್ಸ್-27 ಕ್ಲಿಯರ್ ರೆಡ್ ಹಚ್ಚಿ ಮೇಲೆ ಮ್ಯಾಟ್ ಹೊಡೆದ್ರೆ ರಕ್ತ ಒಣಗಿದ ಟೊಮ್ಯಾಟೋ ಸಾಸ್ ಥರ ಕಾಣುತ್ತೆ.

ಧೂಳಿನ ಪಿಗ್ಮೆಂಟ್ ಪುಡಿ ಹಾಕಿದ್ರೆ ಅದರ ಮೇಲೆ ವಾರ್ನಿಷ್ ಬೇಡ, ನೆನೆದು ಅರ್ಧ ಮಾಯವಾಗುತ್ತೆ, ವಾರ್ನಿಷ್ ಆದ ಮೇಲೆ ಹಾಕಿ ಪಿಗ್ಮೆಂಟ್ ಫಿಕ್ಸರ್‌ನಲ್ಲಿ ಹಿಡಿಸಿ. ಮಿನಿ ನಿಂತಿರೋ ಬೇಸ್ ಮೇಲಿನ ಹುಲ್ಲು, ಟಫ್ಟ್ (ಹುಲ್ಲಿನ ಗುಚ್ಛ) ಕೂಡ ಎಲ್ಲಾ ಮುಗಿದ ಮೇಲೆ ಅಂಟಿಸಿ. ಪಾರದರ್ಶಕ ಪ್ಲಾಸ್ಟಿಕ್ ಫ್ಲೈಯಿಂಗ್ ಸ್ಟ್ಯಾಂಡ್, ಗಾಜಿನ ಕಿಟಕಿ ಥರದ ಭಾಗ ಇದ್ರೆ ಹೊಡೆಯೋಕೆ ಮುಂಚೆ ಟೇಪ್ ಸುತ್ತಿ. ಅಂಟಿಸಿದ ಜಾಗದ ಸುತ್ತ ಮಾತ್ರ ಬೆಳ್ಳಗಿದ್ರೆ ವಾರ್ನಿಷ್‌ನ ಬಯ್ಬೇಡಿ, ಸೂಪರ್ ಗ್ಲೂ ಆವಿ ಹಂಗೆ ಬೆಳ್ಳಗೆ ಕೂರುತ್ತೆ.

ಕೆಟ್ಟೇ ಹೋಯ್ತು, ಈಗ?

ಮೊದ್ಲು ಒಂದು ದಿನ ಸುಮ್ನೆ ಬಿಡಿ. ಗಾಬರೀಲಿ ಅದೇ ಮ್ಯಾಟ್ ಮತ್ತೆ ದಪ್ಪ ಹೊಡೆಯೋದು ಎಲ್ಲರೂ ಮಾಡೋ ಕೆಲ್ಸ, ಅದರಿಂದ ಇನ್ನೂ ಬೆಳ್ಳಗಾಗುತ್ತೆ.

ಬಿಳಿ ಮಂಜು: ನೀರಿನ ಬೇಸ್ ಗ್ಲಾಸಿ ವಾರ್ನಿಷ್‌ನ ಬ್ರಶ್‌ನಲ್ಲಿ ತೆಳ್ಳಗೆ ಹಚ್ಚಿ. ತರಿತರಿ ಜಾಗದಲ್ಲಿ ಗ್ಲಾಸಿ ಇಳಿದು ತುಂಬ್ಕೊಂಡ್ರೆ ಬೆಳಕು ಚೆದುರೋದು ನಿಲ್ಲುತ್ತೆ, ಕೆಳಗಿನ ಬಣ್ಣ ವಾಪಸ್ ಕಾಣುತ್ತೆ, ಕಣ್ಣೆದುರೇ ಕಾಣುತ್ತೆ. ಒಣಗಿದ ಮೇಲೆ ಒಳ್ಳೇ ಹವಾ ನೋಡಿ ಮ್ಯಾಟ್. ಸಾಲ್ವೆಂಟ್ ಕ್ಯಾನ್‌ನಿಂದ ಆಗಿದ್ರೆ ಒಣ ದಿನ ಅದೇ ಕಂಪ್ನಿಯ ಗ್ಲಾಸಿ ಕ್ಯಾನ್ ತೆಳ್ಳಗೆ ಹೊಡೆದ್ರೂ ಮೇಲಿನ ಪದರ ಕರಗಿ ಸಿಕ್ಕಿದ ತೇವ ಹೊರಗೆ ಹೋಗುತ್ತೆ. ಆಲಿವ್ ಎಣ್ಣೆ ಸವರಿದ್ರೆ ಹೋಗುತ್ತೆ ಅಂತ ಒಂದು ಉಪಾಯ ಓಡಾಡ್ತಿದೆ, ಮಂಜು ಹೋಗೋದೇನೋ ನಿಜ, ಆದ್ರೆ ಎಣ್ಣೆ ಪಸೆ ಉಳಿದ ಜಾಗಕ್ಕೆ ಮುಂದೆ ವಾರ್ನಿಷ್ ಹಿಡಿಯಲ್ಲ, ಧೂಳೂ ಕೂರುತ್ತೆ. ಬೇರೆ ದಾರಿ ಇರೋವಾಗ ಅದು ಬೇಡ.

ಸಂದಿಲಿ ಮಾತ್ರ ಹಾಲಿನ ಕಲೆ: ಅದು ಪುಡಿ ಗುಡ್ಡೆ, ಗ್ಲಾಸಿ ಹಚ್ಚಿದ್ರೂ ಪೂರ್ತಿ ಹೋಗ್ದೇ ಇರ್ಬಹುದು. ಆ ಜಾಗಕ್ಕೆ ತೆಳು ಗಾಢ ವಾಶ್ ಒಂದು ಗೆರೆ ಎಳೆದು ಮುಚ್ಚಿ, ಸಂದಿ ಹೇಗೂ ನೆರಳಲ್ಲೇ ಇರೋದು, ಯಾರಿಗೂ ಗೊತ್ತಾಗಲ್ಲ.

ಮರಳು ಮರಳು: ಒಣಗಿದ ಮೆತ್ತನೆ ಟೂತ್‌ಬ್ರಶ್‌ನಲ್ಲಿ ಹಗುರವಾಗಿ ಉಜ್ಜಿದ್ರೆ ಮೇಲೆ ಕೂತ ಪುಡಿ ಉದುರುತ್ತೆ, ಉಳಿದಿದ್ದು ಗ್ಲಾಸಿ ಅಡಿ ಹೋಗುತ್ತೆ. ಮುಖದ ಮೇಲೆ ಆಗಿದ್ರೆ ಉಜ್ಜೋಕೆ ಹೋಗ್ಬೇಡಿ, ಮುಖ ಮತ್ತೆ ಪೇಂಟ್ ಮಾಡೋದೇ ಸುಲಭ.

ಅಂಟಂಟು: ದಪ್ಪ ಗ್ಲಾಸಿ ಕೋಟ್, ತೇವದ ಹವಾ ಸೇರಿದ್ರೆ ಆಗೋದು. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಲಿ ಒಂದು ವಾರ ಬಿಡಿ, ಶೂ ಡಬ್ಬಿಲಿ ಬರುತ್ತಲ್ಲ ಆ ಪೊಟ್ಟಣಾನೇ ಸಾಕು. ಆಮೇಲೂ ಬೆರಳು ಹಿಡ್ಕೊಂಡ್ರೆ ಬೇರೆ ಕಂಪ್ನಿಯ ಮ್ಯಾಟ್ ತೆಳ್ಳಗೆ ಒಂದು ಕೋಟ್. ಅಲ್ಲೀ ತನಕ ಫೋಮ್ ಡಬ್ಬಿಗೆ ಹಾಕ್ಬೇಡಿ, ಫೋಮ್ ಚೂರು ಮಿನಿಗೇ ಅಂಟ್ಕೊಳ್ಳುತ್ತೆ. ಬೇಸ್ ಕೆಳಗೆ ಮ್ಯಾಗ್ನೆಟ್ ಹಾಕಿ ತಗಡಿನ ಡಬ್ಬಿಲಿ ನಿಲ್ಲಿಸೋದು ಯಾವಾಗ್ಲೂ ವಾಸಿ.

ಬಣ್ಣವೇ ಸುಕ್ಕುಗಟ್ಟಿ ಬಿರುಕು ಬಿಟ್ಟಿದ್ರೆ ಮಾತ್ರ ವಾರ್ನಿಷ್‌ನಿಂದ ರಿಪೇರಿ ಆಗಲ್ಲ, ಆ ಭಾಗ ಕಿತ್ತು ಮತ್ತೆ ಪೇಂಟ್ ಮಾಡ್ಬೇಕು.

ಇನ್ನು ಆಟದಲ್ಲಿ ಬಿದ್ದು ಅಂಚಲ್ಲಿ ಬಣ್ಣ ಹಾರಿದ್ರೆ ಇಡೀ ಮಿನಿಗೆ ಮತ್ತೆ ವಾರ್ನಿಷ್ ಹೊಡೀಬೇಕಾಗಿಲ್ಲ. ಹಾರಿದ ಚುಕ್ಕಿಗೆ ಬಣ್ಣ ಹಚ್ಚಿ, ಒಣಗಿದ ಮೇಲೆ ಮ್ಯಾಟ್‌ನ ಆ ಚುಕ್ಕಿಯಷ್ಟಕ್ಕೆ ಮಾತ್ರ ಹಚ್ಚದೇ ಹತ್ರದ ಅಂಚಿನ ತನಕ ಎಳೀರಿ, ಭುಜದ ಕವಚ ಆದ್ರೆ ಪೂರ್ತಿ ಆ ಕವಚಕ್ಕೆ, ಆಗ ತೇಪೆ ಹಾಕಿದ ಗುರುತು ಕಾಣಲ್ಲ. ಇದಕ್ಕೆ ಮೊದ್ಲು ಬಳಸಿದ ಬಾಟ್ಲಿನೇ ಬೇಕು, ಬೇರೆ ಕಂಪ್ನಿ ಮ್ಯಾಟ್‌ನ ಹೊಳಪು ಒಂದು ಚೂರು ಬೇರೆ ಇರುತ್ತೆ. ಹಂಗಾಗಿ ಯಾವ ಸೇನೆಗೆ ಯಾವ ವಾರ್ನಿಷ್ ಹಾಕಿದ್ರಿ ಅಂತ ಒಂದು ಬೇಸ್ ಕೆಳಗೆ ಮಾರ್ಕರ್‌ನಲ್ಲಿ ಬರ್ಕೊಂಡಿರಿ.